ಓರ್ಕಾ ಹಲ್ಲು ಇರುವುದು ಹಿಡಿಯೋದಕ್ಕೆ, ಕೊಯ್ಯೋದಕ್ಕಲ್ಲ

ಓರ್ಕಾ, ಅಂದರೆ ಕಿಲ್ಲರ್ ವೇಲ್ ಅನ್ನುವ ಡಾಲ್ಫಿನ್ ಜಾತಿಯ ದೊಡ್ಡ ಬೇಟೆಗಾರ ಪ್ರಾಣಿ, ಅದರ ಹಲ್ಲು ಚೂರಿಯ ಹಾಗೆ ಕೊಯ್ಯುತ್ತದೆ, ಅದಕ್ಕೇ ಅದು ಕಡಲಿನ ದೊರೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪಲ್ಲ. ಚೂರಿಯಂಥ ಹಲ್ಲು ಇರುವುದು ಬಿಳಿ ಶಾರ್ಕ್‌ಗೆ. ಓರ್ಕಾದ್ದು ದಪ್ಪ ಗೂಟದಂಥ ಹಲ್ಲು, ಒಟ್ಟು 40ರಿಂದ 56, ಬಾಯಿ ಮುಚ್ಚಿದರೆ ಮೇಲಿನವು ಕೆಳಗಿನವುಗಳ ಸಂದಿಯಲ್ಲಿ ಸರಿಯಾಗಿ ಕೂರುತ್ತವೆ, ಸಿಕ್ಕಿದ್ದು ಜಾರಲ್ಲ, ಆಮೇಲೆ ಎಳೆದು ಹರಿಯುವುದು, ಅಷ್ಟೇ. ಅಗಿಯುವ ಮಾತೇ ಇಲ್ಲ.

ಇನ್ನೊಂದು ವಿಷಯ ನೀವು ಬಿಟ್ಟೇಬಿಟ್ಟಿದ್ದೀರಿ. ಉತ್ತರ ಪೆಸಿಫಿಕ್‌ನಲ್ಲಿ ದಡದಿಂದ ದೂರ ಇರುವ ಓರ್ಕಾಗಳು ಶಾರ್ಕ್ ತಿನ್ನುತ್ತವೆ, ಅವುಗಳಲ್ಲಿ ವಯಸ್ಸಾದವುಗಳ ಹಲ್ಲು ಸವೆದು ಸವೆದು ಒಸಡಿನ ಮಟ್ಟಕ್ಕೆ ಬಂದಿರುತ್ತದೆ. ಕಾರಣ ಶಾರ್ಕ್ ಚರ್ಮ. ಮಲ್ಪೆಯಲ್ಲಿ ಒಂದು ಮರಿ ಶಾರ್ಕನ್ನು ಬಾಲದಿಂದ ತಲೆ ಕಡೆಗೆ ಸವರಿ ನೋಡಿದ್ದೆ, ಅಪ್ಪಟ ಉಪ್ಪುಕಾಗದ! ಹಲ್ಲು ಹೀಗೆ ಸವೆದರೂ ಅವು ಬದುಕುತ್ತವೆ, ಅಲ್ವಾ? ಅಂದರೆ ಓರ್ಕಾಗಳ ಬಲ ಹಲ್ಲೊಂದರಲ್ಲೇ ಇಲ್ಲ, ಒಟ್ಟಾಗಿ ಬೇಟೆಯಾಡುವುದರಲ್ಲೂ ಇದೆ. ಅಂಟಾರ್ಕ್ಟಿಕಾದಲ್ಲಂತೂ ನಾಲ್ಕಾರು ಓರ್ಕಾ ಸಾಲಾಗಿ ಈಜಿ, ಅಲೆ ಎಬ್ಬಿಸಿ, ಮಂಜುಗಡ್ಡೆ ಮೇಲೆ ಮಲಗಿದ ಸೀಲನ್ನು ನೀರಿಗೆ ಕೆಡವುತ್ತವೆ. ತಾಯಂದಿರು ಮರಿಗಳಿಗೆ ಕಲಿಸುವ ಈ ಬೇಟೆಯ ಬಗ್ಗೆ ಲೇಖನದಲ್ಲಿ ಒಂದು ಸಾಲಾದರೂ ಬೇಕಿತ್ತು.