ಕೈಟೋಸಾನ್ ನೀರಿನಲ್ಲಿ ಕರಗುವುದಿಲ್ಲ
ಸಿಗಡಿ ಸಿಪ್ಪೆಯಿಂದ ತೆಗೆದ ಕೈಟೋಸಾನ್ ಪುಡಿಯನ್ನು ನೀರಿಗೆ ಬೆರೆಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ಒಂದು ಲೇಖನ ಹೇಳುತ್ತದೆ. ಇದು ಸರಿಯಲ್ಲ. ಬರೀ ನೀರಿನಲ್ಲಿ ಆ ಪುಡಿ ಕರಗದೆ ತಳದಲ್ಲಿ ಕೂರುತ್ತದೆ. ಶೇ. 1ರ ಅಸಿಟಿಕ್ ಆಮ್ಲದಲ್ಲಿ ಕರಗಿಸಬೇಕು. ಪಿಎಚ್ ಸುಮಾರು 6.5ಕ್ಕಿಂತ ಕೆಳಗಿದ್ದಾಗ ಅದರ ಅಮೈನೋ ಗುಂಪುಗಳು (ಅಣುವಿನ ಸಾರಜನಕವಿರುವ ಭಾಗಗಳು) ಧನ ವಿದ್ಯುದಂಶ ಪಡೆಯುತ್ತವೆ. ಋಣ ವಿದ್ಯುದಂಶವಿರುವ ಬ್ಯಾಕ್ಟೀರಿಯಾದ ಹೊರಪದರಕ್ಕೆ ಅಂಟಿಕೊಂಡು ಅದನ್ನು ಸೋರುವಂತೆ ಮಾಡುವುದು ಆಗಲೇ. ಈ ದ್ರಾವಣಕ್ಕೆ ಸೋಪಿನ ನೀರು ಬಿದ್ದರೂ ಕೆಲಸ ಕೆಡುತ್ತದೆ.

ಕೈಟೋಸಾನ್ ತಯಾರಿಕೆಯಲ್ಲಿ ಎಡವುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ. ಮೊದಲು ಶೇ. 4ರಷ್ಟು ಹೈಡ್ರೋಕ್ಲೋರಿಕ್ ಆಮ್ಲ ಸಿಪ್ಪೆಯ ಸುಣ್ಣದ ಅಂಶ ತೆಗೆಯುತ್ತದೆ (ನೊರೆ ಉಕ್ಕುತ್ತದೆ, ಸ್ವಲ್ಪ ಸ್ವಲ್ಪವೇ ಹಾಕಿ), ಬಿಸಿಯಾದ ಶೇ. 4ರ ಕಾಸ್ಟಿಕ್ ಸೋಡಾ ಪ್ರೋಟೀನ್ ತೆಗೆಯುತ್ತದೆ. ಉಳಿಯುವುದು ಕೈಟಿನ್, ಅಂದರೆ ಸಿಪ್ಪೆಯ ನಾರಿನಂಥ ವಸ್ತು. ಅದನ್ನು ಶೇ. 40–50ರ ಕಾಸ್ಟಿಕ್‌ನಲ್ಲಿ 90–100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಕಾಯಿಸಬೇಕು; ಆಗ ಅದರ ಅಸಿಟೈಲ್ ಗುಂಪುಗಳು (ಅಣುವಿಗೆ ಅಂಟಿದ ಸಣ್ಣ ಭಾಗಗಳು) ಕಳಚಿ ಕೈಟೋಸಾನ್ ಆಗುತ್ತದೆ. ಬೇಗ ಇಳಿಸಿದರೆ ಆ ಗುಂಪುಗಳು ಉಳಿದು ಆಮ್ಲದಲ್ಲೂ ಕರಗದು. ಹೆಚ್ಚು ಹೊತ್ತು ಬಿಟ್ಟರೆ ಅಣುವಿನ ಉದ್ದ ಸರಪಳಿ ತುಂಡಾಗಿ ದ್ರಾವಣ ತೆಳ್ಳಗಾಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ.

ಸಿಪ್ಪೆ ತಾಜಾ ಇರಲಿ. ಮಂಗಳೂರು, ಮಲ್ಪೆಯ ಸೆಕೆಯಲ್ಲಿ ಕೆಲವೇ ಗಂಟೆಗಳಲ್ಲಿ ಅದು ಕೊಳೆಯತೊಡಗುತ್ತದೆ. ಕೂಡಲೇ ತೊಳೆದು ಒಣಗಿಸಿ, ಇಲ್ಲವೇ ಐಸ್ ಹಾಕಿಡಿ.