ಮೂರು ವರ್ಷದ ಅಳಿಯ

ನಮ್ಮ ಕಡೆ ಅಧಿಕ ಮಾಸ ಬಂತೆಂದರೆ ಅಳಿಯನಿಗೆ ಸುಗ್ಗಿ. ಸುಮಾರು ಮೂರು ವರ್ಷಕ್ಕೊಮ್ಮೆ ಬರುವ ತಿಂಗಳು. ಕರೆದು ಕೂರಿಸಿ, ಊಟ ಹಾಕಿ, ಎಣಿಸಿ 33 ಅನಾರಸ (ಅಕ್ಕಿ–ಬೆಲ್ಲದ ಕರಿದ ಸಿಹಿ) ಕೊಟ್ಟು ಕಳಿಸುತ್ತಾರೆ. ದೆಹಲಿಯವರಿಗೆ ಈ ಪದ್ಧತಿ ಯಾರು ಹೇಳಿದರೋ, 2016ರಲ್ಲಿ ವಿಮಾನ ಕಂಪನಿಗಳಿಗೂ ಶುರು ಮಾಡಿದರು. ಹೆಸರು ಉಡಾನ್. ಸಣ್ಣ ಊರಿಗೆ ವಿಮಾನ ಬಿಡಿ, ಅರ್ಧದಷ್ಟು ಸೀಟುಗಳನ್ನು ಗಂಟೆ ಹಾರಾಟಕ್ಕೆ 2,500 ರೂಪಾಯಿಯಂತೆ ಕೊಡಿ, ಲುಕ್ಸಾನು ಮೂರು ವರ್ಷ ನಾವು ತುಂಬಿಕೊಡುತ್ತೇವೆ.

ಅಳಿಯ ಬಂದ. ಬರದೇ ಇರ್ತಾನಾ?

ಬೆಳಗಾವಿಯ ಸಾಂಬ್ರಾ ನಿಲ್ದಾಣ 1942ರದ್ದು, ಬ್ರಿಟಿಷರು ಯುದ್ಧಕ್ಕೆಂದು ಮಾಡಿದ್ದು. 2017ರಲ್ಲಿ ಹೊಸ ಟರ್ಮಿನಲ್ ಬಂತು. ಮರುವರ್ಷವೇ ಇಲ್ಲಿದ್ದ ವಿಮಾನಗಳು ಹುಬ್ಬಳ್ಳಿಗೆ ಹೋದವು. ಅನಾರಸ ಅಲ್ಲಿತ್ತು ನೋಡಿ. ನಮಗೆ ಉಡಾನ್ ಸಿಕ್ಕಿದ್ದು 2019ರಲ್ಲಿ. ಆಗಿನ ಸಡಗರ ಹೇಳತೀರದು. ಹೊಸ ವಿಮಾನ ಬಂತೆಂದರೆ ಎರಡೂ ಬದಿ ಫೈರ್ ಗಾಡಿ ನಿಂತು ನೀರು ಹಾರಿಸುವುದು. ವಾಟರ್ ಸಲ್ಯೂಟ್ ಅಂತೆ. ನಮ್ಮ ಓಣಿಯ ನಲ್ಲಿಗೆ ವಾರಕ್ಕೊಮ್ಮೆ ನೀರು, ವಿಮಾನಕ್ಕೆ ಇಳಿದ ಕೂಡಲೇ ಅಭ್ಯಂಜನ! ಆಮೇಲೆ ಕುಂದಾ, ರಿಬ್ಬನ್, ಬ್ಯಾನರ್. ಬ್ಯಾನರಿನ ತುಂಬ ಮುಖಗಳು, ಮೂಲೆಯಲ್ಲಿ ಹೆಬ್ಬೆರಳಷ್ಟು ವಿಮಾನ.

ಅಳಿಯನ ಜಾತಕ ಬಿಚ್ಚಿದ್ದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ, 2023ರಲ್ಲಿ. ಉಡಾನ್‌ನ ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಹಂದರ ಹಾಕಿ ಕಾದಿದ್ದೇ ಬಂತು, ವರ ಬರಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಮುಗಿಸಿದ್ದು 112. ಅನಾರಸ ನಿಂತ ಮೇಲೂ ಬರುತ್ತಿದ್ದ ಅಳಿಯಂದಿರು 54.

ಏರ್ ಡೆಕ್ಕನ್ ನೆನಪಿದೆಯಲ್ವಾ? 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ್ದು, ಒಂದು ರೂಪಾಯಿ ಟಿಕೆಟ್ಟಿನ ಕಂಪನಿ. ಅದು ಕಿಂಗ್‌ಫಿಷರ್ ಹೊಟ್ಟೆ ಸೇರಿತು, ಕಿಂಗ್‌ಫಿಷರ್ 2012ರಲ್ಲಿ ನೆಲ ಹಿಡಿಯಿತು. ಅದೇ ಹೆಸರು ಉಡಾನ್ ಬಂದಾಗ ಮತ್ತೆ ಎದ್ದಿತು. 2017ರ ಡಿಸೆಂಬರಿನಲ್ಲಿ, ಮುಂಬೈ–ಜಳಗಾಂವ್ ನಡುವೆ, 19 ಸೀಟಿನ ವಿಮಾನ. ಸಾಂಬ್ರಾ ಕಡೆಯ ಟೆಂಪೋದಲ್ಲಿ ಅದಕ್ಕಿಂತ ಜಾಸ್ತಿ ಜನ ಕೂರುತ್ತಾರೆ. 2020ರ ಏಪ್ರಿಲ್‌ನಲ್ಲಿ, ಕೊರೊನಾ ನಡುವೆ, ಅದೂ ನಿಂತಿತು.

ಇನ್ನು ನಮ್ಮ ಕಾಕಾನ ಕಥೆ. ತಿರುಪತಿಗೆ ಮುಡಿ ಕೊಡುವ ಹರಕೆ, ಅದೂ ವಿಮಾನದಲ್ಲೇ ಆಗಬೇಕು. ಕಂಪನಿ ಯಾವುದು ಅಂತ ಕೇಳಬೇಡಿ. ಹಿಂದಿನ ಸಂಜೆ ಮೆಸೇಜ್ ಬಂತು. ‘ಆಪರೇಷನಲ್ ರೀಸನ್‌’ನಿಂದ ವಿಮಾನ ರದ್ದು. ಕಾಕಾ ಕನ್ನಡಕ ಏರಿಸಿ ಎರಡು ಸಲ ಓದಿದರು.

‘ಏನೋ ತಮ್ಮಾ, ವಿಮಾನಕ್ಕ ಆಪರೇಷನ್ ಐತೇನು? ಯಾವ ದವಾಖಾನ್ಯಾಗ?’

ಮುಂದಿನ ವಾರವೂ ಆಪರೇಷನ್. ಅದರ ಮುಂದಿನ ವಾರವೂ. ಕೊನೆಗೆ, ನಿಮ್ಮ ದುಡ್ಡು ಕ್ರೆಡಿಟ್ ಶೆಲ್‌ನಲ್ಲಿದೆ, ನಮ್ಮ ವಿಮಾನದಲ್ಲೇ ಬಳಸಿಕೊಳ್ಳಿ ಎಂದು ಬರೆದರು. ಅಷ್ಟೊತ್ತಿಗೆ ಬಳಸಲು ಅವರ ವಿಮಾನವೇ ಈ ಕಡೆ ಬರುವುದು ನಿಂತಿತ್ತು. ಕ್ರೆಡಿಟ್ ಶೆಲ್ ಅಂದರೆ ಏನೆಂದು ಕಾಕಾನಿಗೆ ತಿಳಿಸಿ ಹೇಳಲು ನನಗೆ ಅರ್ಧ ದಿನ ಹಿಡಿಯಿತು.

ಕಡೆಗೆ ಹರಿಪ್ರಿಯಾ ಎಕ್ಸ್‌ಪ್ರೆಸ್ ಹತ್ತಿಸಿದೆ. ಆ ರೈಲಿಗೆ ಯಾರೂ ನೀರು ಹಾರಿಸಿದ್ದು ನಾನಂತೂ ಕಂಡಿಲ್ಲ. ನಾಲ್ಕನೇ ದಿನ ಕಾಕಾ ನುಣ್ಣಗಿನ ತಲೆಯಲ್ಲಿ ಲಾಡು ಹಿಡಿದು ವಾಪಸ್ ಬಂದರು. ದರ್ಶನ ಚೆನ್ನಾಗಿ ಆಯ್ತಾ ಅಂತ ಕೇಳಿದೆ.

‘ದರ್ಶನ ಛಲೋ ಆತು. ಆದ್ರ ತಿಮ್ಮಪ್ಪನ ಕಡೆ ಹೋಗೂದ್ರಾಗ ಈ ಮಂದಿ ಇಲ್ಲೇ ಅರ್ಧಾ ಬೋಳಿಸಿಬಿಟ್ಟಿದ್ರಲ್ಲೋ!’