ಬೀಡಿಯ ಮೇಲೆ ಸರ್ಕಾರಕ್ಕೇಕೆ ಇಷ್ಟು ಮಮತೆ?

ಮೇ 31, ವಿಶ್ವ ತಂಬಾಕು ರಹಿತ ದಿನ, ಬಂತೆಂದರೆ ನಮ್ಮ ತುಮಕೂರಿನಲ್ಲಿ ಜಾಥಾ, ಪ್ರತಿಜ್ಞಾವಿಧಿ, ವೇದಿಕೆ ಭಾಷಣ. ನಮ್ಮ ರಾಜ್ಯದಲ್ಲಿ ಗುಲಾಬಿ ಆಂದೋಲನ ಎಂಬುದೂ ಒಂದಿದೆ. ತಂಬಾಕು ಮಾರುವವರಿಗೆ, ಸೇದುವವರಿಗೆ ಮಕ್ಕಳ ಕೈಯಿಂದ ಹೂ ಕೊಡಿಸುತ್ತಾರೆ. ಒಳ್ಳೆಯದೇ, ಬೇಡವೆನ್ನುವುದಿಲ್ಲ. ಆದರೆ ಹೂವಿಗೆ ಹೆದರಿ ಅಂಗಡಿಯಿಂದ ಬೀಡಿ ಕಟ್ಟು ತೆಗೆದವರನ್ನು ನಾನಂತೂ ಕಂಡಿಲ್ಲ.

2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ನಿಜಕ್ಕೂ ಬಿಗಿಯಾಗಿದೆ. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡ 1000 ಆಯಿತು. ಹುಕ್ಕಾ ಬಾರ್ ನಡೆಸಿದರೆ ಜೈಲು. ಪತ್ರಿಕೆ, ಟಿವಿಗಳಲ್ಲಿ ಹುಕ್ಕಾದ್ದೇ ಮಾತು. ಬೆಳಗಿನ ಜಾವ ನಮ್ಮೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗಿ ನೋಡಿ. ಮೂಟೆ ಇಳಿಸುವ ಹಮಾಲಿಗಳ, ಲಾರಿ ಕ್ಲೀನರ್‌ಗಳ ಬೆರಳ ಸಂದಿಯಲ್ಲಿರುವುದು ಹುಕ್ಕಾ ಕೊಳವೆಯಲ್ಲ, ಬೀಡಿ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಬೀಡಿ ಸೇದುವವರು ಶೇ 7.7, ಸಿಗರೇಟು ಸೇದುವವರು ಶೇ 4. ಬೀಡಿ ಎಂದರೆ ಎಲೆ, ನಾರು, ಅಷ್ಟೇನೂ ಅಪಾಯವಿಲ್ಲ ಎಂದು ನಂಬಿದವರು ಓದಿದವರಲ್ಲೂ ಇದ್ದಾರೆ. ಆ ಎಲೆಯಲ್ಲಿ ಗಾಳಿಯಾಡುವುದಿಲ್ಲ; ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಲೇಬೇಕು. ಟಾರು, ಕಾರ್ಬನ್ ಮೊನಾಕ್ಸೈಡು ಅಷ್ಟೂ ಹೆಚ್ಚಾಗಿ ಒಳಗೆ ಹೋಗುತ್ತದೆ.

ಜನರನ್ನು ತಂಬಾಕಿನಿಂದ ಬಿಡಿಸಲು ಬೆಲೆ ಏರಿಸುವಷ್ಟು ಚೆನ್ನಾಗಿ ಕೆಲಸ ಮಾಡುವ ಉಪಾಯ ಇನ್ನೊಂದಿಲ್ಲ. ಚಿಲ್ಲರೆ ಬೆಲೆಯಲ್ಲಿ ಕನಿಷ್ಠ ಶೇ 75 ತೆರಿಗೆಯೇ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್‌ನಲ್ಲಿ ಸಿಗರೇಟನ್ನು ಶೇ 40ರ ಪಟ್ಟಿಗೆ ಸೇರಿಸಿತು, ಬೀಡಿಯ ತೆರಿಗೆಯನ್ನು ಮಾತ್ರ ಶೇ 28ರಿಂದ 18ಕ್ಕೆ ಇಳಿಸಿತು! ಅಂದರೆ ಬೀಡಿ ಕಟ್ಟಿನ ಬೆಲೆಯಲ್ಲಿ ಜಿಎಸ್‌ಟಿಯ ಪಾಲು ಏಳರಲ್ಲಿ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಬಡವನ ಶ್ವಾಸಕೋಶದ ಮೇಲೆ ಕೊಟ್ಟ ರಿಯಾಯಿತಿ ಎಂದೇ ನಾನು ಇದನ್ನು ಕರೆಯುತ್ತೇನೆ.

'ಹಾಗಾದರೆ ಬೀಡಿ ಕಟ್ಟುವ ಹೆಂಗಸರು ಏನು ಮಾಡಬೇಕು?' ಎಂದು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ. ನಮ್ಮ ಊರಿನಲ್ಲೂ ಮೊರ ತೊಡೆಯ ಮೇಲಿಟ್ಟುಕೊಂಡು, ಹೊಗೆಸೊಪ್ಪಿನ ಧೂಳು ಕುಡಿಯುತ್ತಾ ಬೀಡಿ ಕಟ್ಟುವ ತಾಯಂದಿರಿದ್ದಾರೆ. ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಸರಿಯಿಲ್ಲವೆಂದು ಪಕ್ಕಕ್ಕೆ ಹಾಕಿದ ಬೀಡಿಗೆ ಕಾಸಿಲ್ಲ. ಇವರ ಹೆಸರು ಹೇಳಿಯೇ ವರ್ಷಗಳಿಂದ ಬೀಡಿ ತೆರಿಗೆಯನ್ನು ಕೆಳಗೆ ಇಟ್ಟಿದ್ದಾರೆ. ಆದರೆ ಇವರ ಮಕ್ಕಳ ವಿದ್ಯಾರ್ಥಿವೇತನಕ್ಕೆ, ಚಿಕಿತ್ಸೆಗೆ, ಮನೆಗೆ ಹಣ ಒದಗಿಸುತ್ತಿದ್ದ 1976ರ ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ ಜಿಎಸ್‌ಟಿ ಬಂದ 2017ರಲ್ಲೇ ರದ್ದಾಯಿತು. ಅವರಿಗಾಗಿಯೇ ವಸೂಲಾಗುತ್ತಿದ್ದ ಸೆಸ್ ತೆಗೆದು, ಮಾಲೀಕರ ತೆರಿಗೆ ಇಳಿಸಿ, ಅದನ್ನು ಕಾರ್ಮಿಕರ ಮೇಲಿನ ಕಾಳಜಿ ಎನ್ನುವುದು ಯಾವ ನ್ಯಾಯ?

ಮಾಲ್ಡೀವ್ಸ್ 2007ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ ತಂಬಾಕನ್ನೇ ನಿಷೇಧಿಸಿದೆ. ನಮ್ಮಲ್ಲೂ ಹಾಗೆ ಮಾಡಿ ಎನ್ನುವವರಿದ್ದಾರೆ. ಬಿಡಿ ಸಿಗರೇಟು, ಬಿಡಿ ಬೀಡಿ ಮಾರುವುದನ್ನೇ ತಡೆಯಲಾಗದ ನಮಗೆ ಅದು ದೂರದ ಮಾತು. ಪೊಟ್ಟಣದ ಶೇ 85 ಭಾಗ ಎಚ್ಚರಿಕೆಯ ಚಿತ್ರ, ಜೊತೆಗೆ ಚಟ ಬಿಡಲು ನೆರವಾಗುವ 1800-11-2356 ಎಂಬ ಉಚಿತ ಸಂಖ್ಯೆ ಇದೆ. ನಾಲ್ಕು ಬೀಡಿ ಬಿಡಿಯಾಗಿ ಕೊಂಡ ಹಮಾಲಿ ಎರಡನ್ನೂ ನೋಡುವುದಿಲ್ಲ.

ನನ್ನ ಬೇಡಿಕೆ ಇಷ್ಟೇ: ಬೀಡಿಗೂ ಸಿಗರೇಟಿನಷ್ಟೇ ತೆರಿಗೆ ಹಾಕಿ. ಹೆಚ್ಚಿಗೆ ಬಂದ ಹಣವನ್ನು ಆ ತಾಯಂದಿರಿಗೆ ಬೇರೆ ಕಸುಬು ಕಲಿಸಲು, ಕಲಿಯುವಷ್ಟು ಕಾಲ ಕೂಲಿ ಕೊಡಲು ಮೀಸಲಿಡಿ. ಚಟ ಬಿಡಿಸುವ ಆಪ್ತಸಮಾಲೋಚಕರು ಆಸ್ಪತ್ರೆಯ ಕೊಠಡಿಯಲ್ಲಿ ಕಾಯುವ ಬದಲು ವಾರಕ್ಕೊಮ್ಮೆ ಬೆಳಿಗ್ಗೆ ಆರಕ್ಕೆ ಮಾರುಕಟ್ಟೆಗೆ ಬರಲಿ. ಇದಿಷ್ಟೂ ಆದ ಮೇಲೆ ಬೇಕಾದರೆ ಹಮಾಲಿಯ ಹತ್ತಿರ ಸಾವಿರ ರೂಪಾಯಿ ದಂಡ ಕೇಳಿ.